ಟೆಸ್ಟ್ ಕೇಬಲ್‌ಗಾಗಿ ಫೈರ್‌ವಾಲ್‌ನ ರಬ್ಬರ್ ಸೀಳಲು ಬಿಡಬೇಡಿ

ಇಗ್ನಿಷನ್ ಪರೀಕ್ಷೆಗೆಂದು ಆಸಿಲೋಸ್ಕೋಪ್‌ನ (ವಿದ್ಯುತ್ ಸಂಕೇತದ ಅಲೆಯನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಕೋಆಕ್ಸಿಯಲ್ ಕೇಬಲನ್ನು ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆ) ಮೂಲಕ ಕಾರಿನೊಳಕ್ಕೆ ಎಳೆಯುತ್ತೇವೆ ಎಂದು ಯಾರಾದರೂ ಹೇಳಿದರೆ, ಯಾವ ರಂಧ್ರದಿಂದ, ಹೇಗೆ ಎಂದು ಕೇಳದೆ ಒಪ್ಪಿಕೊಳ್ಳಬೇಡಿ. ನನ್ನ ಕಾರಿನಲ್ಲಿ ಸ್ವಲ್ಪ ಹೊತ್ತಿನ ಪರೀಕ್ಷೆಗೆ ಮಾಡಿದ ಈ ಕೆಲಸದಿಂದ ಮೊದಲಿಗೆ, ಕೆಡದೇ ಇದ್ದ ಭಾಗಗಳನ್ನು ಬದಲಿಸಬೇಕಾಯಿತು. ಆಮೇಲೆ ಎಂಜಿನ್ ನಡುರಸ್ತೆಯಲ್ಲಿ ನಿಂತುಹೋಯಿತು.

ಮೂಲ ತೊಂದರೆ ಇಷ್ಟೇ: ಏರು ಹತ್ತುವಾಗ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿತ್ತು, ನಿಂತಲ್ಲಿ ಸರಿಯಾಗಿಯೇ ಓಡುತ್ತಿತ್ತು. ಸ್ಕ್ಯಾನರ್ ತೋರಿಸಿದ್ದು ಪಿ0300, ಅಂದರೆ ಯಾವ ಸಿಲಿಂಡರ್ ಎಂದು ಬೊಟ್ಟು ಮಾಡದ ಮಿಸ್‌ಫೈರ್ ಕೋಡ್. ಎಂಜಿನ್ ಮೇಲೆ ಭಾರ ಬಿದ್ದಾಗ ಸಿಲಿಂಡರಿನೊಳಗಿನ ಒತ್ತಡ ಏರುತ್ತದೆ, ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ, ಇಗ್ನಿಷನ್‌ನಲ್ಲಿ ಎಲ್ಲಿ ದುರ್ಬಲವಿದೆಯೋ ಅದು ಆಗಲೇ ಬಯಲಾಗುತ್ತದೆ. ಹಾಗಾಗಿ ಕಾರು ಓಡಿಸುತ್ತಲೇ ಸ್ಕೋಪಿನಲ್ಲಿ ಇಗ್ನಿಷನ್‌ನ ಅಲೆಯನ್ನು ನೋಡಬೇಕೆಂದು ಮೆಕ್ಯಾನಿಕ್ ಹೇಳಿದ್ದು ಸರಿಯಾಗಿಯೇ ಇತ್ತು. ಕೆಟ್ಟದ್ದು ಕೇಬಲ್ ಹಾಕಿದ ದಾರಿ.

ಎಂಜಿನ್ನಿನ ಮುಖ್ಯ ವೈರಿಂಗ್ ಹಾರ್ನೆಸ್ ಕ್ಯಾಬಿನ್ನಿಗೆ ಬರುವ ಜಾಗದಲ್ಲಿ ದಪ್ಪ ರಬ್ಬರಿನ ಗ್ರೊಮೆಟ್ (ವೈರ್‌ಗಳು ತಗಡಿನ ಅಂಚಿಗೆ ತಾಗದಂತೆ ರಂಧ್ರಕ್ಕೆ ಹಾಕುವ ಬಳೆ) ಇರುತ್ತದೆ. ಅದರ ಪಕ್ಕದಲ್ಲೇ ಉದ್ದನೆಯ ಸ್ಕ್ರೂಡ್ರೈವರ್ ತೂರಿಸಿ ದಾರಿ ಮಾಡಿದರು. ಸಾಮಾನ್ಯ ಆರ್‌ಜಿ-58 ಕೇಬಲ್‌ನ ದಪ್ಪ ಸುಮಾರು 5 ಮಿಲಿಮೀಟರ್. ಆದರೆ ಅದರ ತುದಿಯ ಬಿಎನ್‌ಸಿ ಕನೆಕ್ಟರ್ ಹತ್ತಿರಹತ್ತಿರ ಅದರ ಮೂರು ಪಟ್ಟು. ಕನೆಕ್ಟರ್ ದಾಟಲೆಂದು ರಬ್ಬರನ್ನು ಇನ್ನಷ್ಟು ಸೀಳಿದರು. ಕೇಬಲ್ ಈಗ ರಬ್ಬರಿನ ಆಸರೆ ತಪ್ಪಿ ತಗಡಿನ ಅಂಚಿಗೆ ಒರಗಿತು. ಕಾರು ಅಲುಗಿದಂತೆಲ್ಲ ಉಜ್ಜಿ ಹೊರಪದರ ಹರಿಯಿತು, ಒಳಗಿನ ತಾಮ್ರದ ಜಾಲರಿ ಬಾಡಿಗೆ ತಗುಲಿತು.

ಜಾಲರಿ ಹೇಗೂ ಗ್ರೌಂಡ್ ತಾನೇ, ತಗುಲಿದರೇನು ಎಂದು ಕೇಳುವವರಿದ್ದಾರೆ. ಅನಾಹುತ ಇರುವುದೇ ಅಲ್ಲಿ. ಎಂಜಿನ್ ಕಡೆ ಒಂದು ಗ್ರೌಂಡ್ ಆಗಲೇ ಇದೆ. ಮಧ್ಯದಲ್ಲಿ ಇನ್ನೊಂದಾದರೆ, ಬಾಡಿಯಲ್ಲಿ ಹರಿದು ಬ್ಯಾಟರಿಗೆ ಮರಳಬೇಕಾದ ಕರೆಂಟಿನ ಒಂದು ಪಾಲು ಜಾಲರಿಯಲ್ಲೂ ಹರಿಯುತ್ತದೆ, ಅದರಿಂದಾಗುವ ವೋಲ್ಟೇಜ್ ನಾವು ಅಳೆಯುವ ಸಂಕೇತಕ್ಕೆ ಸೇರಿಕೊಳ್ಳುತ್ತದೆ. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್ ಕೆಲಸ ಮಾಡಿದಾಗಲೆಲ್ಲ ಪರದೆಯ ಮೇಲೆ ಮುಳ್ಳುಗಳು ಎದ್ದವು. ಅವನ್ನೇ ಕಾಯಿಲ್‌ನ ದೋಷವೆಂದು ಓದಿ ಕಾಯಿಲ್‌ಗಳನ್ನು ಬದಲಿಸಿದರು. ಮಿಸ್ಸಿಂಗ್ ಹಾಗೇ ಉಳಿಯಿತು. ಆ ಕೇಬಲನ್ನು ಹೊರಗೆಳೆದು ಬೆರಳಾಡಿಸಿ ನೋಡಿದ್ದರೆ ಹರಿದ ಜಾಗ ಅಲ್ಲೇ ಸಿಗುತ್ತಿತ್ತು. ಅದನ್ನು ಮಾಡಲಿಲ್ಲವೆಂಬ ಸಿಟ್ಟು ನನಗೆ ಇಂದಿಗೂ ಇದೆ.

ನಿಜವಾದ ಕಾರಣ ಬೇರೊಬ್ಬ ಮೆಕ್ಯಾನಿಕ್ ಪ್ಲಗ್‌ಗಳನ್ನು ಬಿಚ್ಚಿದಾಗ ಕಂಡಿತು. ಒಂದು ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲಿನಿಂದ ಎಳೆದಂತೆ ಮೇಲಿನಿಂದ ಕೆಳಗೆ ಸಣ್ಣ ಕಪ್ಪು ಗೆರೆ. ಕಿಡಿ ತುದಿಯಲ್ಲಿ ಹಾರುವ ಬದಲು ಆ ಇಂಗಾಲದ ಗೆರೆಯ ಮೇಲೆ ಹರಿದು ಹೋಗುತ್ತಿತ್ತು. ಪ್ಲಗ್ ಜೊತೆಗೆ ಅದರ ಮೇಲೆ ಕೂರುವ ರಬ್ಬರ್ ಹೊದಿಕೆ, ಅಂದರೆ ಬೂಟನ್ನೂ ಬದಲಿಸಿದ ಮೇಲೆ ಮಿಸ್ಸಿಂಗ್ ನಿಂತಿತು. ಬೂಟಿನ ಒಳಗೂ ಅದೇ ಗೆರೆ ಮೂಡಿರುತ್ತದೆ, ಪ್ಲಗ್ ಮಾತ್ರ ಬದಲಿಸಿದರೆ ತೊಂದರೆ ಮರಳುತ್ತದೆ.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಮಳೆ ಶುರುವಾದ ಮೇಲೆ ಮುಂದಿನ ಸೀಟಿನ ಕೆಳಗೆ ಮುಗ್ಗಲು ವಾಸನೆ ಬಂತು, ಕಾರ್ಪೆಟ್ ಎತ್ತಿದರೆ ಅಡಿಯ ಫೋಮ್ ಆ ಸೀಳಿನಿಂದ ಬಂದ ನೀರು ಕುಡಿದು ಕೂತಿತ್ತು. ಅದಾಗಿ ಕೆಲವು ವಾರಗಳಲ್ಲೇ ಎಂಜಿನ್ ಓಡುತ್ತಿದ್ದಂತೆಯೇ ಆಫ್ ಆಯಿತು. ಸ್ಟೀರಿಂಗ್ ಬಿಗಿಯಾಯಿತು. ಬ್ರೇಕ್ ಬೂಸ್ಟರಿನಲ್ಲಿ ಉಳಿದಿದ್ದ ನಿರ್ವಾತದಿಂದ ಹೇಗೋ ರಸ್ತೆಯ ಬದಿಗೆ ನಿಲ್ಲಿಸಿದೆ. ಹಿಂದೆ ದೊಡ್ಡ ವಾಹನ ಇಲ್ಲದ್ದರಿಂದ ಬಚಾವಾದೆ.

ಹುಡುಕಿದಾಗ ಸಿಕ್ಕಿದ್ದು ಎಂಜಿನ್ ಎಷ್ಟು ತಿರುಗಿದೆ ಎಂದು ತಿಳಿಸುವ ಕ್ರ್ಯಾಂಕ್‌ಶಾಫ್ಟ್ ಸೆನ್ಸರಿನ ವೈರ್. ಈ ಸಂಕೇತ ತಪ್ಪಿದರೆ ಕಿಡಿಯನ್ನು ಯಾವ ಕ್ಷಣಕ್ಕೆ ಕೊಡಬೇಕೆಂಬುದು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ತಿಳಿಯುವುದಿಲ್ಲ. ಗ್ರೊಮೆಟ್ ಬಳಿ ಸ್ಕ್ರೂಡ್ರೈವರಿನ ಮೊನೆ ವೈರಿನ ಮೇಲೆ ಸೂಜಿ ಚುಚ್ಚಿದಷ್ಟೇ ಗಾಯ ಮಾಡಿತ್ತು. ಹೊರನೋಟಕ್ಕೆ ವೈರ್ ಸರಿಯಾಗಿಯೇ ಇತ್ತು, ಹಿಡಿದು ಮೆಲ್ಲಗೆ ಎಳೆದರೆ ಆ ಜಾಗದಲ್ಲಿ ಮಾತ್ರ ಹಿಗ್ಗುತ್ತಿತ್ತು. ಸಿಪ್ಪೆ ಬಿಡಿಸಿದರೆ ಒಳಗೆ ತಾಮ್ರ ಕಿಲುಬು ಹಿಡಿದು ಹಸಿರು ಪುಡಿಯಾಗಿತ್ತು.

ಫೈರ್‌ವಾಲ್ ಬೆಂಕಿ, ನೀರು, ಹೊಗೆಗಳನ್ನು ಕ್ಯಾಬಿನ್ನಿನಿಂದ ದೂರ ಇಡುವ ಗೋಡೆ. ಎಕ್ಸಾಸ್ಟ್ ಸೋರಿದರೆ ಕಾರ್ಬನ್ ಮೊನಾಕ್ಸೈಡ್ ಒಳಬರಲು ಒಂದು ಸೀಳು ಸಾಕು, ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊಸ ರಂಧ್ರ ಕೊರೆಯುತ್ತೇವೆ ಎನ್ನುವವರಿಗಂತೂ ಕಾರು ಕೊಡಲೇಬೇಡಿ. ತಗಡಿನ ಆಚೆ ಹೀಟರ್ ಕೋರ್, ಎಸಿ ಇವಾಪರೇಟರ್, ವೈರಿಂಗ್ ಎಲ್ಲವೂ ಇರುತ್ತವೆ.

ಓಡಿಸುತ್ತಾ ಪರೀಕ್ಷಿಸಲು ಸುರಕ್ಷಿತ ದಾರಿ ಇದೆ. ಕೇಬಲನ್ನು ಬಾನೆಟ್‌ನ ಹಿಂಭಾಗದ ಮೂಲೆಯಿಂದ, ರಬ್ಬರ್ ಪಟ್ಟಿಯ ಮೇಲೆ ಹಾಯಿಸಿ, ಚಾಲಕನ ಪಕ್ಕದ ಸೀಟಿನ ಕಿಟಕಿಯಿಂದ ಒಳಗೆ ತರಬಹುದು. ಬಾನೆಟ್ ಪೂರ್ತಿ ಲಾಕ್ ಆಗಿರಬೇಕು, ಕೇಬಲ್ ಜಜ್ಜಿಹೋಗಬಾರದು, ವೈಪರ್‌ಗೆ ಸಿಗಬಾರದು. ಎಂಜಿನ್ ಕಡೆ ಫ್ಯಾನ್, ಬೆಲ್ಟ್ ಮತ್ತು ಹೈ ಟೆನ್ಷನ್ ವೈರ್‌ಗಳಿಂದ ದೂರ ಕಟ್ಟಬೇಕು. ಎಕ್ಸಾಸ್ಟ್ ಹತ್ತಿರವಂತೂ ಬೇಡ. ಪಿವಿಸಿ ಹೊದಿಕೆಯ ಸಾಮಾನ್ಯ ಕೇಬಲ್ ಸುಮಾರು 80 ಡಿಗ್ರಿಯವರೆಗೆ ಮಾತ್ರ ತಡೆಯುತ್ತದೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ನೂರಾರು ಡಿಗ್ರಿ ಕಾಯುತ್ತದೆ. ಕಾಯಿಲ್‌ನ ಪ್ರೈಮರಿಯಲ್ಲೇ 300ರಿಂದ 400 ವೋಲ್ಟ್ ಚಿಮ್ಮುವುದರಿಂದ ಮಧ್ಯೆ ವೋಲ್ಟೇಜ್ ತಗ್ಗಿಸುವ ಅಟೆನ್ಯುಯೇಟರ್ ಇಲ್ಲದೆ ಸ್ಕೋಪಿಗೆ ಜೋಡಿಸುವಂತಿಲ್ಲ. ಪರದೆ ನೋಡಲು ಇನ್ನೊಬ್ಬರು ಕೂರಬೇಕು. ಚಾಲಕನ ಪೆಡಲ್‌ಗಳ ಬಳಿ ಕೇಬಲ್ ಸುಳಿಯಲೂ ಬಾರದು.

ಈಗಾಗಲೇ ನಿಮ್ಮ ಕಾರಿಗೆ ಇಂಥ ಪರೀಕ್ಷೆ ಆಗಿದ್ದರೆ, ಕತ್ತಲಲ್ಲಿ ಎಂಜಿನ್ ಕಡೆಯಿಂದ ಗ್ರೊಮೆಟ್ ಮೇಲೆ ಟಾರ್ಚ್ ಬಿಡಿಸಿ, ಡ್ಯಾಶ್‌ಬೋರ್ಡ್ ಅಡಿಯಿಂದ ನೋಡಿ. ಬೆಳಕು ಕಂಡರೆ ಸೀಳು ಇದೆ. ಬೆಳಕು ಕಾಣದಿದ್ದರೂ ಕಾರ್ಪೆಟ್ ಅಡಿಗೆ ಕೈ ಹಾಕಿ ಒದ್ದೆ ಇದೆಯೇ ನೋಡಿ. ಸೀಳಿದ ಗ್ರೊಮೆಟ್‌ಗೆ ಸಿಲಿಕೋನ್ ಮೆತ್ತಿ ಕಳಿಸಲು ಬಿಡದೆ ಹೊಸದನ್ನೇ ಹಾಕಿಸಿ, ಅದನ್ನು ಬಿಚ್ಚಿದಾಗ ಪಕ್ಕದ ವೈರ್‌ಗಳನ್ನು ಒಂದೊಂದಾಗಿ ಎಳೆದು ನೋಡಲು ಹೇಳಿ.