ಹಳೇ ಹಾಯಿ ಬೋಟಿನ ಫೋಮ್ ತಗಸಿ ಹೊಸಾದು ಹಾಕ್ಸಿದೆ: ಹುಬ್ಬಳ್ಳಿ ಫೈಬರ್ ವರ್ಕ್‌ಶಾಪ್ ಕೆಲಸಾ ಹೆಂಗ್ ಆತು

ಹುಬ್ಬಳ್ಳ್ಯಾಗ ಹಾಯಿ ಬೋಟ್ ರಿಪೇರಿ ಯಾರ್ ಮಾಡ್ತಾರ್ರಿ ಅಂತ ಕೇಳಿದ್ರ ಮಂದಿ ಉಣಕಲ್ ಕೆರಿ ಕಡೆ ಕೈ ತೋರಸ್ತಾರ, ಅಲ್ಲಿ ಪೆಡಲ್ ಬೋಟ್ ಅದಾವ ಖರೆ, ಆದ್ರ ನಂಗ ಬೇಕಾಗಿದ್ದು ಫೈಬರ್ ಕೆಲಸಾ ಬಲ್ಲವ್ರು. ಕಡೀಕ ಸಿಕ್ಕಿದ್ದು ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್ ಒಳಗ ಒಂದ್ ಸಣ್ಣ ವರ್ಕ್‌ಶಾಪ್, ನೀರಿನ ಟಾಕಿ, ಕೂಲರ್ ಬಾಡಿ, ಗುಡಿ ಮುಂದಿನ ಮೂರ್ತಿ ಇಂಥಾವ ಮಾಡ್ತಾರ, ಹೊರಗ ಬೋರ್ಡೂ ಇಲ್ಲ. ಬೋಟ್ ಹಿಂದ ಎಂದೂ ಮಾಡಿಲ್ಲ ಸರ ಅಂತ ಮಿಸ್ತ್ರಿ ಮೊದಲನೇ ದಿನಾನ ಬಾಯಿ ಬಿಟ್ಟು ಹೇಳಿದ್ರು. ಆ ಮಾತಿಗೇ ನಾನು ಅವ್ರಿಗೆ ಕೆಲಸಾ ಕೊಟ್ಟಿದ್ದು.

ನನ್ನ ಬೋಟ್ 14 ಫೂಟಿಂದು, ಫೈಬರ್ ಡಿಂಗಿ ಅಂದ್ರ ಸಣ್ಣ ಹಾಯಿ ದೋಣಿ, ಕಾರವಾರ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮಳಿಗಾಲ ಮುಗದ ಮ್ಯಾಲ ಟ್ರೇಲರ್ ಮ್ಯಾಲ ಹಾಕ್ಕೊಂಡು ಅರಬೈಲ್ ಘಾಟ್ ಇಳದು ಕಾಳಿ ನದಿ ಸಮುದ್ರಾ ಕೂಡೋ ಕಡೆ ಬಿಡ್ತೀನಿ. ತಂದ ಮೊದಲನೇ ವರ್ಷನ ಅನಸ್ತಿತ್ತು ಇದು ಭಾಳ ಜಡ ಐತಿ ಅಂತ. ನಾಕು ಮಂದಿ ಹಿಡದ್ರೂ ಎತ್ತಾಕ ಬರ್ತಿರ್ಲಿಲ್ಲ, ಹಿಂದಿನ ಭಾಗ ನೀರಾಗ ಕುಂತ ಹೊಕ್ಕಿತ್ತು, ಗಾಳಿ ಬಂದ್ರೂ ಮುಂದಕ್ಕ ಸರಿಯಾಕ ಒಲ್ಲೆ ಅಂತಿತ್ತು. ಎಲ್ಲಿಯೋ ತೂತ ಬಿದ್ದೈತಿ ಅಂತ ತಿಳ್ಕೊಂಡು ಹೊರಗಿನ ಮೈ ಎಲ್ಲಾ ಹುಡುಕಿದೆ, ಒಂದೂ ಸಿಗಲಿಲ್ಲ.

ಮಿಸ್ತ್ರಿ ಮಾಡಿದ ಮೊದಲನೇ ಕೆಲಸಾ ತೂಕ ಹಾಕಿದ್ದು. ಕಬ್ಬಿಣದ ತಿಪಾಯಿಗೆ ಚೈನ್ ಪುಲ್ಲಿ ಕಟ್ಟಿ, ಗುಜರಿ ಅಂಗಡಿಯಿಂದ ಕೊಂಡಿ ಕಾಟಾ ಇಸ್ಕೊಂಡು ಬಂದು ಬೋಟ್ ಜೋತ ಬಿಟ್ರು. 214 ಕೆಜಿ. ಹಿಂಥಾ ಬೋಟ್ ಬರೀ ಮೈ 140ರ ಒಳಗ ಇರಬೇಕು. ಆಮ್ಯಾಲ ಒಳಗಿನ ನೆಲಕ್ಕ ಒಂದಿಂಚಿನ ತೂತ ಕೊರದ್ರು. ಕಂದು ಬಣ್ಣದ ನೀರು ಹನಿ ಹನಿ ಸುರ್ಯಾಕ ಹತ್ತಿದ್ದು ಎರಡ ದಿನ ನಿಲ್ಲಲಿಲ್ಲ, ಕೆಳಗ ಎಣ್ಣಿ ಡಬ್ಬಿ ಇಟ್ಟಿದ್ವಿ. ನೆಲ ಕೊಯ್ದು ತಗದ್ರ ಬೋಟ್ ಮುಳುಗಬಾರದು ಅಂತ ತಳಕ್ಕೂ ನೆಲಕ್ಕೂ ನಡುವ ತುಂಬಿದ್ದ ಹಳೇ ಪಿಯು (ಪಾಲಿಯುರೇಥೇನ್) ಫೋಮ್ ಪೂರ್ತಿ ನೀರ್ ಕುಡದಿತ್ತು. ಇಟ್ಟಂಗಿ ಗಾತ್ರದ ಒಂದ್ ತುಂಡು ಕೊಯ್ಕೊಂಡು ಬಾಜೂ ಕಿರಾಣಿ ಅಂಗಡ್ಯಾಗ ತೂಗಿಸಿದೆ, ಒಂದ್ ಲೀಟರ್ ಅಳತೀದು 640 ಗ್ರಾಂ. ಒಣಗಿದ್ದಾಗ ಅದು 35 ಗ್ರಾಂ ಸುತ್ತ ಇರಬೇಕಾಗಿದ್ದು. ಕಾಲಿಂದ ತುಳದ್ರ ಸ್ಪಂಜಿನಂಗ ನೀರ್ ಕಾರ್ತಿತ್ತು, ವಾಸನಿ ಗಟಾರದ್ದು.

ಇಲ್ಲಿ ಒಂದ್ ಮಾತ್ ಹೇಳಲೇಬೇಕು. ಪಿಯು ಫೋಮ್ ಕ್ಲೋಸ್ಡ್ ಸೆಲ್, ಅಂದ್ರ ಒಳಗಿನ ಒಂದೊಂದ ಸಣ್ಣ ಗೂಡೂ ಮುಚ್ಚಿರ್ತೈತಿ, ನೀರು ಕುಡಿಯಂಗಿಲ್ಲ ಅಂತ ಮಾರೋರು ಹೇಳ್ತಾರ. ಹೊಸಾದು ಇದ್ದಾಗ ಅದು ಹೆಚ್ಚುಕಡಿಮಿ ಖರೇನೂ ಐತಿ, ಆದ್ರ ಮುಚ್ಚಿದ ಜಾಗಾದಾಗ ನೀರ್ ನಿಂತು ವರ್ಷಗಟ್ಲೆ ಅದರಾಗನ ನೆನದ್ರ ಒಂದೊಂದ ಗೂಡು ಒಡದು ನೀರ್ ಒಳಗ ಹೋಗ್ತೈತಿ, ಹೊರಗ ಬರಾಕ ದಾರಿ ಇಲ್ಲ. ಹಳೇ ಬೋಟ್ ತಗೊಳ್ಳೋರು ಬಣ್ಣಾ ನೋಡಬ್ಯಾಡ್ರಿ, ಹಾಯಿ ನೋಡಬ್ಯಾಡ್ರಿ, ಮೊದ್ಲ ತೂಕ ಹಾಕ್ರಿ.

ಇದಕ್ಕೂ ಮೊದ್ಲ ಬ್ಯಾರೆ ಊರಾಗ ಒಂದ್ ಕಡೆ ಕೊಟ್ಟು ಕೈ ಸುಟ್ಕೊಂಡಿದ್ದೆ. ಮುಂದಿನ ಖಾನಿಗೆ ಫೋಮ್ ಹಾಕಿಕೊಡ್ತೀವಿ ಅಂದ್ರು, ಎರಡು ಡಬ್ಬಿ ಕೆಮಿಕಲ್ ಸಮಾ ಸಮಾ ಬಕೆಟ್‌ನ್ಯಾಗ ಕಲಸಿ ಒಮ್ಮೆಲೇ ಸುರುವಿಬಿಟ್ರು. ಅದು ಅರ್ಧ ನಿಮಿಷದಾಗ ಉಬ್ಬಾಕ ಹತ್ತತೈತಿ, ಇಪ್ಪತ್ತೈದು ಮೂವತ್ತು ಪಟ್ಟು ಆಗ್ತೈತಿ, ಒಳಗ ಶಾಖಾನೂ ಹುಟ್ಟತೈತಿ. ಸಣ್ಣ ಸಣ್ಣ ಥರ ಹಾಕಿ, ಒಂದು ಆರಿದ ಮ್ಯಾಲ ಇನ್ನೊಂದು ಸುರುವಬೇಕು. ಅವ್ರು ಹಂಗ ಮಾಡಲಿಲ್ಲ, ಡೆಕ್ ಅರ್ಧ ಇಂಚ್ ಮ್ಯಾಲೆದ್ದು ಅಂಚಿನಾಗ ಬಿರುಕ ಬಿಡ್ತು, ಈಗ ಕೊಯ್ದು ನೋಡಿದ್ರ ನಡುವಿನ ಫೋಮ್ ಸುಟ್ಟ ರೊಟ್ಟಿಯಂಗ ಕಂದು ಆಗಿತ್ತು. ರೊಕ್ಕ ವಾಪಸ್ ಕೇಳಿದ್ರ ಕೊಡಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ ನಂಗ.

ಅದಕ್ಕ ಈ ಸಲ ಸುರುವೋದು ಬ್ಯಾಡ, ಶೀಟ್ ಹಾಕೋಣು ಅಂತ ನಿಶ್ಚಯ ಮಾಡಿದ್ವಿ. ಎಕ್ಸ್‌ಪಿಎಸ್ ಶೀಟ್ ಅಂತ ಬರ್ತೈತಿ, ನೀಲಿ ಬಣ್ಣದ್ದು, ಗಟ್ಟಿ, ಚಾವಣಿಗೆ ಬಿಸಲ ತಡ್ಯಾಕ ಹಾಕ್ತಾರಲ್ಲ ಅದು. ಮಿಸ್ತ್ರಿ ಪರಿಚಯದವ್ರೊಬ್ರು ಬ್ಯಾಡಗಿ ಕಡೆ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಕೆಲಸಾ ಮಾಡ್ತಾರ, ನೆಲಕ್ಕ ಹಾಸಿ ಉಳದಿದ್ದ ಶೀಟ್ ಅವ್ರ ಹತ್ರ ಕಡಿಮಿ ರೇಟಿಗೆ ಸಿಕ್ವು. ಬಿಳೀ ಥರ್ಮೊಕೋಲ್ ಯಾಕ ಬ್ಯಾಡ ಅಂದ್ರ ಅದರ ಕಾಳಿನ ಸಂದ್ಯಾಗ ನೀರ್ ಹೊಕ್ಕೊಂತೈತಿ. ಇನ್ನೊಂದು, ಈ ಎರಡೂ ಪಾಲಿಸ್ಟೈರೀನ್ ಅನ್ನೋ ಪ್ಲಾಸ್ಟಿಕ್, ಫೈಬರ್ ಕೆಲಸಕ್ಕ ಹಚ್ಚೋ ಸಾದಾ ರೆಸಿನ್ (ಅಂಟಿನಂಥಾ ದ್ರವ) ತಾಗಿದ್ರ ಕರಗಿ ಹೋಗ್ತಾವ. ಮಿಸ್ತ್ರಿ ಇದನ್ನ ನಂಗ ಕಣ್ಣ ಮುಂದ ತೋರಿಸಿದ್ರು, ಥರ್ಮೊಕೋಲ್ ತುಂಡಿನ ಮ್ಯಾಲ ಬ್ರಶ್‌ಲೆ ರೆಸಿನ್ ಹಚ್ಚಿದ್ರು, ಅದು ಬೆಲ್ಲಾ ಬಿಸಿನೀರಾಗ ಇಳದಂಗ ಕುಸದು ತೂತ ಆತು. ಅದಕ್ಕ ಶೀಟ್ ಹತ್ರ ಬರೋ ಜಾಗಾಕ್ಕೆಲ್ಲಾ ಎಪಾಕ್ಸಿ ಅನ್ನೋ ಬ್ಯಾರೆ ಜಾತಿ ರೆಸಿನ್ನ ಬಳಸಿದ್ರು, ಅದು ತುಟ್ಟಿ, ಆದ್ರ ಕರಗಸಂಗಿಲ್ಲ. ಪೆಟ್ರೋಲ್ ತಾಗಿದ್ರೂ ಶೀಟ್ ಹಾಳಾಗ್ತೈತಿ, ಸಣ್ಣ ಮೋಟಾರ್ ಇಟ್ಟೋರು ಪೆಟ್ರೋಲ್ ಕ್ಯಾನ್ ದೂರ ಇಡ್ರಿ.

ಫೋಮ್ ಎಲ್ಲಿ ಹಾಕಬೇಕು ಅನ್ನೋದ ಮುಖ್ಯ ಮಾತು. ಬೋಟಿನ ಜೋಡಿ ಬಂದಿದ್ದ ಹಳೇ ಫೋಮ್ ಪೂರಾ ತಳದಾಗಿತ್ತು. ಬೋಟ್ ತುಂಬ ನೀರ್ ತುಂಬಿಕೊಂಡಾಗ ತೇಲೋ ವಸ್ತು ಕೆಳಗ ಇದ್ರ ಅದು ಮ್ಯಾಲ ಬರಾಕ ಜಗ್ಗತೈತಿ, ಬೋಟ್ ಬುಡಮೇಲಾಗಾಕ ನೋಡತೈತಿ. ಅದ ಫೋಮ್ ಎರಡೂ ಮಗ್ಗಲಾ ಮ್ಯಾಲಿನ ಅಂಚಿಗೆ, ಸೀಟಿನ ಕೆಳಗ ಇದ್ರ ಬೋಟ್ ನೆಟ್ಟಗ ನಿಲ್ಲತೈತಿ. ಮುಂದೂ ಹಿಂದೂ ಸರಿಸಮಾ ಇರಬೇಕು, ಇಲ್ಲಂದ್ರ ಒಂದ ತುದಿ ಮ್ಯಾಲೆದ್ದು ಕಂಬದಂಗ ನಿಂತಬಿಡತೈತಿ. ನಾವು ಎರಡೂ ಸೀಟಿನ ಕೆಳಗ 40 ಲೀಟರ್ ಹಂಗ, ಮುಂದ 30, ಹಿಂದ 30, ಒಟ್ಟ 140 ಲೀಟರ್ ಹಾಕಿದ್ವಿ. ಲೆಕ್ಕ ಸರಳ ಐತಿ: ಒಂದ್ ಲೀಟರ್ ಫೋಮ್ ಮುಳುಗಿದ್ರ ಒಂದ್ ಕೆಜಿ ನೀರ್ ಸರಸ್ತೈತಿ, ಫೋಮಿನ ಸ್ವಂತ ತೂಕ 32 ಗ್ರಾಂ ಸುತ್ತಮುತ್ತ, ಅಂದ್ರ 140 ಲೀಟರಿಗೆ 135 ಕೆಜಿ ಎತ್ತೋ ಬಲ. ಫೈಬರ್ ನೀರಿಗಿಂತ ಒಂದೂವರಿ ಪಟ್ಟ ಭಾರ, ಮುಳುಗಿದ ಮ್ಯಾಲ ಅದರ ತೂಕ ಮೂರರಾಗ ಒಂದ ಪಾಲ ಉಳೀತೈತಿ, ನನ್ನ ಬೋಟಿಗೆ 45 ಕೆಜಿ. ಕಬ್ಬಿಣದ ಸಾಮಾನಿಗೆ 15 ಇಡ್ರಿ. ಉಳದ 75 ಕೆಜಿ ಇಬ್ಬರು ಸೊಂಟದ ಮಟಾ ನೀರಾಗ ಕುಂತಿರಾಕ ಸಾಕು.

ನೆಲದ ಕೆಳಗಿನ ಫೋಮ್ ತಗದ ಮ್ಯಾಲ 120 ಲೀಟರ್ ಜಾಗಾ ಖಾಲಿ ಆತಲ್ಲ, ಅದನ್ನ ಸಾಮಾನ ಇಡಾಕ ಮಾಡ್ಸೋಣು ಅಂದೆ. ಮಿಸ್ತ್ರಿ ಒಮ್ಮೆಲೇ ಹೂಂ ಅನ್ನಲಿಲ್ಲ. ಸರ, ಈ ನೆಲ ಇಷ್ಟ ದಿನ ಫೋಮಿನ ಮ್ಯಾಲ ಕುಂತಿತ್ತು, ಅದನ್ನ ತಗದ್ರ ನೀವ್ ಕಾಲಿಟ್ಟಲ್ಲೆ ಕುಸೀತೈತಿ ಅಂದ್ರು. ಬೋಟ್ ಮಾಡದವ್ರು ಇಷ್ಟು ವಿಚಾರ ಮಾಡ್ತಾರಲ್ಲ ಅಂತ ಖುಷಿ ಆತು ನಂಗ. ಐಎಸ್ 710 ಮರೀನ್ ಪ್ಲೈ (ನೀರ್ ತಡಿಯೋ ಪ್ಲೈವುಡ್) ಕೊಯ್ದು ನೆಲಾ ಹೊರಾಕ ಮೂರು ಅಡ್ಡ ಪಕ್ಕಿ ಕೂಡ್ರಿಸಿ, ಎಪಾಕ್ಸಿ ಕುಡಿಸಿ, ಮ್ಯಾಲ ಗ್ಲಾಸ್ ಮ್ಯಾಟ್ (ಗಾಜಿನ ನಾರಿನ ಹಾಸು) ಹಾಕಿದ್ರು, ಪ್ರತಿ ಪಕ್ಕಿ ಕೆಳಗ ನೀರ್ ಹರಿಯಾಕ ಸಣ್ಣ ತೂತ ಬಿಟ್ಟು ಹಿಂದ ಡ್ರೇನ್ ಪ್ಲಗ್ ಇಟ್ಟಾರ. ಈಗ ನಡುವಿನ ಖಾನ್ಯಾಗ ಲಂಗರು, ಹಗ್ಗ, 20 ಲೀಟರ್ ನೀರಿನ ಕ್ಯಾನ್ ಹಿಡೀತಾವ. ಭಾರದ್ದೆಲ್ಲಾ ನಡುವ, ತಳದಾಗ ಇರಬೇಕು, ತುದೀಗೆ ಇಟ್ರ ತೆರಿಯಾಗ ಬೋಟ್ ತೊಟ್ಟಲಾ ಆಡಿದಂಗ ಆಡ್ತೈತಿ. ಮತ್ತ ಎಲ್ಲಾದಕ್ಕೂ ಪಟ್ಟಿ ಕಟ್ಟಬೇಕು, ಮಗುಚಿದ್ರ ಲಂಗರು ತಾನ ಹೊರಗ ಬೀಳ್ತೈತಿ.

ಮುಚ್ಚಳ ಗಟ್ಟಿ ಇದ್ರ ಈ ಖಾನಿನೂ ತೇಲಸ್ತಾವ, ಆದ್ರ ಅದನ್ನ ಲೆಕ್ಕದಾಗ ಹಿಡಿಬ್ಯಾಡ್ರಿ ಅನ್ನೋದು ನನ್ನ ಮಾತು. ಯಾಕಂದ್ರ ಮುಚ್ಚಳ ಹಾಕೋದು ಮನಶಾ, ಮರೀತಾನ. ಸೀಟಿನ ಕೆಳಗಿನ ಫೋಮ್ ತಗದು ಟಿಫಿನ್ ಡಬ್ಬಿಗೆ ಜಾಗಾ ಮಾಡ್ಸೋ ಆಸೆ ಎಲ್ಲಾರಿಗೂ ಬರ್ತೈತಿ, ನಂಗೂ ಬಂತು, ಮಿಸ್ತ್ರೀನೂ ಮಾಡಿಕೊಡ್ತೀನಿ ಅಂದ್ರು, ನಾ ಬ್ಯಾಡ ಅಂದೆ.

ಈಗ ದೂರು. ಆರು ಇಂಚಿನ ತಿರುವೋ ಮುಚ್ಚಳ ಎರಡು ನಾ ಆನ್‌ಲೈನ್ ತರಿಸಿದ್ದೆ, ರಬ್ಬರ್ ರಿಂಗ್ ಇರೋವು, ಅವು ಚಲೋ ಅದಾವ. ನಡುವಿನ ದೊಡ್ಡ ಚೌಕ ಮುಚ್ಚಳ ಮಾತ್ರ ವರ್ಕ್‌ಶಾಪ್‌ನ್ಯಾಗ ಮಾಡಿದ್ದು, ರಬ್ಬರ್ ಬೀಡಿಂಗ್ ಕಾರ್ ಬಾಗಿಲಿಂದು ಹಚ್ಚಿದ್ರು, ಸೋರ್ತು. ಹದಿನೈದು ದಿನ ಅಂದಿದ್ದ ಕೆಲಸಾ ಏಳು ವಾರ ಹಿಡೀತು, ಗಣಪತಿ ಹಬ್ಬದ ಆರ್ಡರ್ ನಡುವ ಬಂದ್ವು ಅಂತ ನನ್ನ ಬೋಟ್ ಮೂಲಿಗೆ ಸರಸಿದ್ರು. ಹಳೇ ಫೋಮ್ ಅಲ್ಲೇ ಸುಟ್ಟು ಹಾಕಾಕ ಹುಡುಗ್ರು ಕಡ್ಡಿ ಪೆಟ್ಟಿಗಿ ತಗದಿದ್ರು, ಓಡಿ ಹೋಗಿ ತಡದೆ. ಪಿಯು ಸುಟ್ರ ಸೈನೈಡ್ ಹೊಗಿ ಬರ್ತೈತಿ, ಮುಂದ ಹಿಂಗ ಮಾಡಬ್ಯಾಡ್ರಪಾ ಅಂತ ಕುಂದ್ರಿಸಿ ಹೇಳಿ ಬಂದೀನಿ. ಕೊಯ್ಯೋವಾಗ ಮಾಸ್ಕೂ ನಾನ ತಂದು ಕೊಟ್ಟಿದ್ದು.

ಖರ್ಚು ಎಲ್ಲಾ ಕೂಡಿ 41,500 ರೂಪಾಯಿ, ಎಪಾಕ್ಸಿಗೇ ಮೂರನೇ ಒಂದು ಪಾಲು ಹೋತು. ಕಡೀ ಹತ್ತು ಸಾವಿರ ನೀರಿನ ಪರೀಕ್ಷಾ ಆದ ಮ್ಯಾಲ ಕೊಡ್ತೀನಿ ಅಂತ ಮೊದ್ಲ ಹೇಳಿದ್ದೆ, ಮಿಸ್ತ್ರಿ ಒಪ್ಪಿದ್ರು.

ಪರೀಕ್ಷಾ ಮಾಡಿದ್ದು ನವಲಗುಂದ ಕಡೆ ನಮ್ಮ ಮಾವಾರ ಹೊಲದಾಗಿನ ಕೃಷಿ ಹೊಂಡದಾಗ. ಬೋಟ್ ಇಳಿಸಿ, ಪಂಪ್ ಪೈಪ್ ಒಳಗ ಬಿಟ್ಟು ಅಂಚಿನ ಮಟಾ ನೀರ್ ತುಂಬಿಸಿದ್ವಿ. ದಂಡಿ ಮ್ಯಾಲ ನಿಂತಿದ್ದ ಅತ್ತಿಯಾರು, ಇಷ್ಟ ರೊಕ್ಕಾ ಕೊಟ್ಟು ಮಾಡ್ಸಿ ಮುಳುಗಸಾಕ ಹತ್ತೀರಲ್ಲಪಾ ಅಂತ ಗಾಬರಿ ಆದ್ರು. ನಾನು, ಮಿಸ್ತ್ರಿ ಇಬ್ಬರೂ ಲೈಫ್ ಜಾಕೆಟ್ ಹಾಕ್ಕೊಂಡು ಒಳಗ ಕುಂತ್ವಿ, ಎಷ್ಟ ಫೋಮ್ ಇದ್ರೂ ಜಾಕೆಟ್ ಬೇಕ ಬೇಕು. ನೀರು ಸೊಂಟಕ್ಕ ಬಂತು, ಬೋಟಿನ ಅಂಚು ನಾಕು ಬಟ್ಟು ಮ್ಯಾಲ ಉಳೀತು, ಒಂದ ಮಗ್ಗಲಾ ಸರದ್ರೂ ಮಗುಚಲಿಲ್ಲ. ಅರ್ಧ ತಾಸು ಹಂಗ ಕುಂತು ಬಕೆಟ್‌ಲೆ ನೀರ್ ತೋಡಿದ್ವಿ. ಚೌಕ ಮುಚ್ಚಳ ಸೋರಿದ್ದು ಅವತ್ತ ಗೊತ್ತಾತು, ನಡುವಿನ ಖಾನ್ಯಾಗ ಮೂರು ಬಕೆಟ್ ನೀರ್ ಸಿಕ್ತು. ಮಿಸ್ತ್ರಿ ಅಲ್ಲೇ ದಂಡಿ ಮ್ಯಾಲ ಕುಂತು ಬೀಡಿಂಗ್ ಕಿತ್ತು ನೋಡಿ, ಮೂಲ್ಯಾಗ ಜೋಡ ಬಿಟ್ಟೈತಿ ಸರ, ಒಂದ ತುಂಡಿನ ರಬ್ಬರ್ ಹಾಕಿ ಕೊಡ್ತೀನಿ, ಆಮ್ಯಾಲ ರೊಕ್ಕಾ ಕೊಡ್ರಿ ಅಂದ್ರು. ಮುಂದಿನ ವಾರ ಹಾಕಿಕೊಟ್ರು, ಮತ್ತೊಮ್ಮೆ ಮುಳುಗಸಿ ನೋಡಿದ್ವಿ, ಖಾನಿ ಒಣಾ ಇತ್ತು. ತೂಕ ಈಗ 151 ಕೆಜಿ, ಮನ್ಯಾಗ ಮೂವರು ಎತ್ತಿ ಟ್ರೇಲರ್ ಮ್ಯಾಲ ಇಡ್ತೀವಿ.