ರಂಗದ ಮೇಲಿನ ಕಂಪ್ಯೂಟರಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು

ಹೋದ ವರ್ಷ ಮುಂಬಯಿಯ ಮಾಟುಂಗದ ಮೈಸೂರು ಅಸೋಸಿಯೇಷನ್ ಸಭಾಗೃಹದಲ್ಲಿ ನಮ್ಮ ತಂಡದ ನಾಟಕ ಇತ್ತು. ವಿದ್ಯುತ್ ಕಂಟ್ರೋಲ್ ರೂಮಿನಲ್ಲಿ ನಡೆಯುವ ಕಥೆ. ರಾತ್ರಿ ಪಾಳಿಯ ಒಬ್ಬ ಇಂಜಿನಿಯರ್, ಊರಿಂದ ಅವನಿಗೆ ಬರುವ ಒಂದು ಫೋನ್. ಬೆನ್ನ ಹಿಂದೆ ಒಂದು ಕಂಪ್ಯೂಟರ್ ಸದಾ ಏನೋ ಕೆಲಸ ಮಾಡ್ತಾ ಇರಬೇಕು.

ರಂಗಪರಿಕರ ನನ್ನ ಜವಾಬ್ದಾರಿ. ಎರಡು ನಿಮಿಷದ ಒಂದು ವಿಡಿಯೋ ಹಾಕಿ, ಮುಗಿದ ಕೂಡಲೇ ಮತ್ತೆ ಶುರುವಾಗುತ್ತೆ ಅಂತ ನಂಬಿದ್ದೆ. ನಾಟಕದಲ್ಲಿ ಆ ಇಂಜಿನಿಯರಿಗೆ ಅಪ್ಪ ತೀರಿಕೊಂಡ ಸುದ್ದಿ ಬರುವ ಹೊತ್ತಿಗೆ ಸರಿಯಾಗಿ ವಿಡಿಯೋ ನಿಂತು, ಪರದೆ ನಡುವೆ ದೊಡ್ಡ ಪ್ಲೇ ಬಟನ್ ಬಂತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಎರಡು ತಿಂಗಳ ತಾಲೀಮು ಆ ಒಂದು ನಗುವಿನಲ್ಲಿ ಹೋಯಿತು. ನನಗೆ ತುಂಬಾ ನೋವಾಯಿತು.

ಈ ವರ್ಷ ಅದೇ ನಾಟಕ ಮತ್ತೆ ಆಡಿದೆವು. ಈ ಸಲ ವಿಡಿಯೋ ಬಿಟ್ಟು ಜೆನ್‌ಆ್ಯಕ್ಟ್ ಬಳಸಿದೆ. ಕಂಪ್ಯೂಟರ್ ತುಂಬಾ ಕೆಲಸದಲ್ಲಿದೆ ಅಂತ ತೋರಿಸುವುದೊಂದೇ ಈ ಸಾಫ್ಟ್‌ವೇರಿನ ಕಸುಬು. ಪುಕ್ಕಟೆ ಸಿಗುತ್ತೆ. ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ನಡೆಯುತ್ತೆ. ಒಂದೇ ಒಂದು ಫೈಲು, ಇಳಿಸಿಕೊಂಡು ಓಡಿಸಿದರೆ ಆಯಿತು. ಪರದೆ ಮೇಲೆ ಪ್ರೋಗ್ರಾಂ ಕಂಪೈಲ್ ಆಗುತ್ತೆ, ಫೈಲು ಇಳಿಯುತ್ತೆ, ಲಾಗ್ ಓಡುತ್ತೆ. ಒಳಗೆ ಇದ್ಯಾವುದೂ ನಡೆಯುತ್ತಿರುವುದಿಲ್ಲ, ಬರೀ ಅಕ್ಷರ ಬರುತ್ತೆ ಅಷ್ಟೇ. ಲ್ಯಾಪ್‌ಟಾಪಿಗೆ ಏನೂ ಆಗಲ್ಲ.

ಡೊಂಬಿವಿಲಿಯಲ್ಲಿ ನಮ್ಮ ತಾಲೀಮು ನಡೆಯುವ ಮನೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಇದನ್ನು ಶುರು ಮಾಡಿದೆ. ಮೂರು ಗಂಟೆ ಬಿಟ್ಟು ನೋಡಿದರೂ ಓಡ್ತಾನೇ ಇತ್ತು. ಒಂದು ದೃಶ್ಯ ಮುಗಿದರೆ ಇನ್ನೊಂದನ್ನು ತಾನೇ ಎತ್ತಿಕೊಳ್ಳುತ್ತೆ. ನಾಟಕದವರಿಗೆ ಬೇಕಾದದ್ದು ಇದೇ ಅಲ್ವಾ?

ಆದರೆ ಸುಮ್ನೆ ಬಿಟ್ಟರೆ ಬೋಟ್‌ನೆಟ್ (ಹ್ಯಾಕರುಗಳು ವಶ ಮಾಡಿಕೊಂಡ ಕಂಪ್ಯೂಟರುಗಳ ಜಾಲ), ಕ್ರಿಪ್ಟೋ ನಾಣ್ಯದ ಗಣಿಗಾರಿಕೆ ಅಂಥ ದೃಶ್ಯಗಳೂ ಬರುತ್ತವೆ. ವಿದ್ಯುತ್ ಇಲಾಖೆಯ ಕೋಣೆಯಲ್ಲಿ ಅದು ಬಂದರೆ ಸರಿಯಾಗಲ್ಲ. ಅದಕ್ಕೆ ದಾರಿ ಇದೆ. ಓಡಿಸುವ ಆಜ್ಞೆಯ ಜೊತೆಗೆ ಮೈನಸ್ ಎಂ (-m) ಹಾಕಿ ಬೇಕಾದ ದೃಶ್ಯದ ಹೆಸರು ಕೊಟ್ಟರೆ ಅದು ಮಾತ್ರ ಬರುತ್ತೆ. ನಾನು ಮೆಮ್‌ಡಂಪ್ ಆರಿಸಿಕೊಂಡೆ, ಕಂಪ್ಯೂಟರಿನ ಮೆಮೊರಿಯಲ್ಲಿರುವುದೆಲ್ಲ ಪರದೆಗೆ ಬರುತ್ತಿದೆ ಅಂತ ತೋರಿಸುವ ದೃಶ್ಯ. ಎಡಗಡೆ ಒಂದು ದೊಡ್ಡ ಸಂಖ್ಯೆ, ನಡುವೆ ಎರಡೆರಡು ಅಕ್ಷರದ ಜೋಡಿಗಳು ಸಾಲಾಗಿ. ಹತ್ತಿರ ನಿಂತರೆ ಒಂದೊಂದೇ ಓದಬಹುದು. ಕೊನೆಯ ಸಾಲಿಗೆ ಹೋಗಿ ಕೂತು ನೋಡಿದೆ. ಅಕ್ಷರ ಯಾವುದೂ ತಿಳಿಯಲ್ಲ, ಆದರೆ ಕಂಬಗಳು ಮೇಲೇರುತ್ತಿರುವುದು ಚೆನ್ನಾಗಿ ಕಾಣುತ್ತೆ. ಮೈನಸ್ ಎಸ್ (-s 0.5) ಹಾಕಿ ವೇಗವನ್ನು ಅರ್ಧಕ್ಕೆ ಇಳಿಸಿದ ಮೇಲೆ ಅದಕ್ಕೆ ರಾತ್ರಿ ಎರಡು ಗಂಟೆಯ ಒಂದು ನಿಧಾನ ಬಂತು. ಕಂಟ್ರೋಲ್ ಪ್ಲಸ್ ಒತ್ತಿ ಅಕ್ಷರ ದೊಡ್ಡದು ಮಾಡಿಕೊಳ್ಳಿ. ಸ್ಕ್ರೀನ್ ತಾನಾಗಿ ಆರುವುದನ್ನೂ ನೋಟಿಫಿಕೇಷನ್‌ಗಳನ್ನೂ ನಿಲ್ಲಿಸಲು ಮರೆಯಬೇಡಿ.

ಲಿನಕ್ಸಿನ ಒಂದು ರೂಪವಾದ ಉಬುಂಟುವಿನಲ್ಲಿ ಸಿಗುವ, ಹಾಲಿವುಡ್ ಅನ್ನುವ ಇಂಥದ್ದೇ ಸಾಫ್ಟ್‌ವೇರನ್ನೂ ಓಡಿಸಿ ನೋಡಿದೆ. ಅದು ಪರದೆಯನ್ನು ಹಲವು ತುಂಡು ಮಾಡಿ ಒಂದೊಂದರಲ್ಲಿ ಒಂದೊಂದು ಓಡಿಸುತ್ತೆ. ಗೂಢಚಾರರ ಕಥೆಗೆ ಬಹಳ ಚೆನ್ನ. ನಮಗೆ ಗದ್ದಲ ಜಾಸ್ತಿ ಆಯಿತು.

ಇನ್ನು ನಟರ ವಿಷಯ. ಇಂಜಿನಿಯರ್ ಪಾತ್ರ ಮಾಡುವ ಅಣ್ಣ ಘಾಟ್ಕೋಪರ್‌ನಲ್ಲಿ ಹೋಟೆಲ್ ನಡೆಸುವವರು. ಟೈಪಿಂಗ್ ಬರಲ್ಲ. ಒಂದು ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿದರೆ ಇಂಜಿನಿಯರ್ ಅಂತ ಯಾರು ನಂಬುತ್ತಾರೆ? ಅವರ ಎದುರಿನ ಲ್ಯಾಪ್‌ಟಾಪಿಗೆ ಹ್ಯಾಕರ್ ಟೈಪರ್ ಹಾಕಿಕೊಟ್ಟೆ. 2011ರಿಂದ ಇರುವ ವೆಬ್‌ಸೈಟ್ ಇದು. ಯಾವ ಕೀಲಿ ಒತ್ತಿದರೂ ಲಿನಕ್ಸಿನ ತಿರುಳಾದ ಕರ್ನಲ್‌ನ ಕೋಡ್ ಮೂರು ಮೂರು ಅಕ್ಷರವಾಗಿ ತಪ್ಪಿಲ್ಲದೆ ಮೂಡುತ್ತೆ. ಅಣ್ಣ ಮೊದಲ ದಿನ ಹೆದರಿ ಹೆದರಿ ಒತ್ತಿದರು. ಎರಡನೇ ದಿನ ಪರದೆ ನೋಡುವುದನ್ನೇ ಬಿಟ್ಟು, ಮಾತಾಡ್ತಾ ಹತ್ತೂ ಬೆರಳು ಆಡಿಸತೊಡಗಿದರು. ಅವರ ಭುಜ ಸಡಿಲವಾಯಿತು, ಮಾತು ಸಲೀಸಾಯಿತು. ಒಂದು ಎಚ್ಚರಿಕೆ: ಆಲ್ಟ್ ಕೀಲಿಯನ್ನು ಮೂರು ಸಲ ಒತ್ತಿದರೆ ಪ್ರವೇಶ ಸಿಕ್ಕಿತು ಎನ್ನುವ ಇಂಗ್ಲಿಷ್ ಫಲಕ ಎದ್ದು ಬರುತ್ತೆ. ಆ ಕೀಲಿಗೆ ಬಿಳಿ ಟೇಪ್ ಅಂಟಿಸಿ, ಮುಟ್ಟಬೇಡಿ ಅಣ್ಣ ಅಂತ ಹೇಳಿಟ್ಟೆ.

ಪ್ರಯೋಗದ ದಿನ ನಾನು ಸೈಡ್ ವಿಂಗಿನಲ್ಲಿ ನಿಂತಿದ್ದೆ. ಫೋನ್ ಬಂತು. ಅಣ್ಣ ಕೀಲಿಮಣೆಯಿಂದ ಕೈ ಎತ್ತಿದರು. ಎದುರಿನ ಪರದೆ ಅವರ ಜೊತೆಗೇ ನಿಂತಿತು, ಅರ್ಧ ಸಾಲಿನಲ್ಲಿ. ಹಿಂದಿನ ದೊಡ್ಡ ಪರದೆ ಮಾತ್ರ ಅದೇ ನಿಧಾನದಲ್ಲಿ ಓಡ್ತಾನೇ ಇತ್ತು. ಸಭೆಯಲ್ಲಿ ಒಂದು ಕೆಮ್ಮೂ ಇರಲಿಲ್ಲ.