ಎಂಎಕ್ಸ್‌-5 ಹಾರ್ಡ್‌ಟಾಪ್‌ಗೆ ನಾಬ್ ಕಿಟ್: ಪಾನಾ ಇಲ್ಲದೆ ಟಾಪ್ ಇಳಿಸಬಹುದೇ?

ಎರಡು ಸೀಟಿನ ತೆರೆದ ಕಾರು ಮಾಜ್ದಾ ಎಂಎಕ್ಸ್‌-5ರ ಮೊದಲ ಎರಡು ತಲೆಮಾರಿನ (ಎನ್‌ಎ, ಎನ್‌ಬಿ) ಹಾರ್ಡ್‌ಟಾಪ್, ಅಂದರೆ ಬಿಚ್ಚಿ ತೆಗೆಯಬಹುದಾದ ಗಟ್ಟಿ ಚಾವಣಿ, ಸುಮಾರು 20ರಿಂದ 23 ಕೆ.ಜಿ. ತೂಗುತ್ತದೆ. ಭಾರ ದೊಡ್ಡದಲ್ಲ, ಹಿಡಿಯೋಕೆ ಮಾತ್ರ ಒಗ್ಗದ ಆಕಾರ. ಮುಂದೆ ವಿಂಡ್‌ಸ್ಕ್ರೀನ್ ಚೌಕಟ್ಟಿಗೆ ಎರಡು ಲ್ಯಾಚ್, ಬಾಗಿಲ ಹಿಂದೆ ಎಡಬಲಕ್ಕೆ ಒಂದೊಂದು. ಈ ನಾಲ್ಕೂ ಬರಿಗೈಯಲ್ಲೇ ಬಿಚ್ಚುತ್ತವೆ. ಕಿರಿಕಿರಿ ಇರೋದು ಹಿಂದೆ. ಹಿಂಬದಿ ಲ್ಯಾಚ್ ಬದಲು ಬ್ರ್ಯಾಕೆಟ್ ಮತ್ತು ಬೋಲ್ಟ್ ಹಾಕಿರುವ ಕಾರುಗಳಲ್ಲಿ ಸೀಟಿನ ಹಿಂದೆ, ಮಡಚಿಟ್ಟ ಸಾಫ್ಟ್‌ಟಾಪ್‌ನ (ಮೆತ್ತನೆ ಚಾವಣಿಯ) ಸಂದಿಗೆ ಕೈ ತೂರಿಸಿ, ಕಾಣದ ಬೋಲ್ಟನ್ನು ರ‍್ಯಾಚೆಟ್‌ನಿಂದ ಎರಡೆರಡು ಹಲ್ಲಿನಷ್ಟು ತಿರುಗಿಸುತ್ತಾ ಕೂರಬೇಕು. ಆ ಬೋಲ್ಟಿನ ಜಾಗಕ್ಕೆ ಕೈಯಿಂದ ತಿರುಗಿಸುವ ನಾಬ್ ಕೊಡುವುದೇ ಈ ಕಿಟ್‌ಗಳ ಕೆಲಸ. ಹಿಂದೆ ಕಂಪನಿಯದೇ ಲ್ಯಾಚ್ ಇದ್ದು ಸರಿಯಾಗಿ ಕೆಲಸ ಮಾಡುತ್ತಿದ್ದರೆ ಇದಕ್ಕೆ ದುಡ್ಡು ಹಾಕಬೇಡಿ.

ಸಿಗುವುದು ಎರಡು ಬಗೆ. ಒಂದು, ಥ್ರೆಡ್ ಇರುವ ನಾಬ್. ಇನ್ನೊಂದು, ಕಾಲು ಸುತ್ತು ತಿರುಗಿಸಿದರೆ ಬಿಚ್ಚಿಕೊಳ್ಳುವ ಕ್ವಾರ್ಟರ್ ಟರ್ನ್. ನೋಡೋಕೆ ಎರಡನೆಯದು ಭಾರೀ ಆಕರ್ಷಕ, ಟಕ್ ಅಂತ ತೆಗೆದರೆ ಮುಗೀತು. ಆದರೆ ನಮ್ಮ ಓಟು ಮೊದಲನೆಯದಕ್ಕೆ. ಕ್ವಾರ್ಟರ್ ಟರ್ನ್ ಹಿಡಿಯುವುದು ಒಂದು ನಿಗದಿತ ದಪ್ಪವನ್ನು ಮಾತ್ರ. ಟಾಪ್ ಕೂರುವುದು ರಬ್ಬರ್ ಬೀಡಿಂಗ್ ಮೇಲೆ, ಬೀಡಿಂಗ್ ವರ್ಷ ಕಳೆದಂತೆ ಚಪ್ಪಟೆಯಾಗುತ್ತದೆ. ಎರಡು ಮಿ.ಮೀ. ಕುಗ್ಗಿದರೂ ಸಾಕು, ಹಿಡಿತ ಸಡಿಲಾಗಿ ಹಂಪ್ ಹತ್ತಿದಾಗೆಲ್ಲ ಕಟಕಟ ಸದ್ದು. ಆಮೇಲೆ ಸಂದಿ ತುಂಬಲು ಶಿಮ್ (ತೆಳು ಬಿಲ್ಲೆ) ಹುಡುಕುತ್ತಾ ಓಡಾಡಬೇಕು. ಥ್ರೆಡ್ ನಾಬ್ ಆದರೆ ಇನ್ನೊಂದು ಸುತ್ತು ಜಾಸ್ತಿ ತಿರುಗಿಸಿದರಾಯಿತು.

ಕೈಯಲ್ಲಿ ಬಿಗಿದದ್ದು ಸಾಕಾಗುತ್ತಾ ಅನ್ನುವುದು ಎಲ್ಲರ ಮೊದಲ ಅನುಮಾನ. ಲೆಕ್ಕ ಹಾಕೋಣ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಾಳಿಯ ಚಲನ ಒತ್ತಡ ಚದರ ಮೀಟರಿಗೆ ಸುಮಾರು 470 ನ್ಯೂಟನ್. ಅದರ ಅರ್ಧದಷ್ಟು ಸೆಳೆತ ಒಂದು ಚದರ ಮೀಟರ್ ಟಾಪ್ ಮೇಲೆ ಬಿತ್ತು ಅಂದುಕೊಂಡರೂ ಮೇಲಕ್ಕೆ 24 ಕೆ.ಜಿ.ಯಷ್ಟು ಎಳೆತ. ಅಂದರೆ ಟಾಪ್‌ನ ಸ್ವಂತ ತೂಕ ಅಲ್ಲಿಗೇ ವಜಾ. 200ಕ್ಕೆ ಹೋದರೆ ಅದರ ನಾಲ್ಕು ಪಟ್ಟು. ಇನ್ನೊಂದು ಕಡೆ, ಎಂ6 (6 ಮಿ.ಮೀ. ದಪ್ಪದ) ಥ್ರೆಡ್ಡಿನ ನಾಬನ್ನು ಕೈಯಿಂದ 3 ನ್ಯೂಟನ್ ಮೀಟರ್ ಬಿಗಿದರೂ ಒಂದೊಂದು ನಾಬ್‌ನಲ್ಲಿ 200 ಕೆ.ಜಿ.ಗೂ ಮೀರಿದ ಒತ್ತು ಬರುತ್ತದೆ. ಹಾಗಾಗಿ ಬಲದ ಕೊರತೆಯಿಲ್ಲ. ಕಾಡುವುದು ಅದುರು. ಟಾಪ್ ಪಕ್ಕಕ್ಕೆ ಕೂದಲೆಳೆಯಷ್ಟು ಜರುಗುತ್ತಿದ್ದರೂ ಥ್ರೆಡ್ ತಾನಾಗೇ ಬಿಚ್ಚಿಕೊಳ್ಳುತ್ತಾ ಬರುತ್ತದೆ. ಪದೇಪದೇ ಬಿಚ್ಚುವ ಜಾಗವಾದ್ದರಿಂದ ಥ್ರೆಡ್‌ಲಾಕರ್ (ಥ್ರೆಡ್ ಹಿಡಿದಿಡುವ ಅಂಟು) ಹಾಕುವಂತಿಲ್ಲ. ನೈಲಾಕ್ ನಟ್ಟಿನ ನೈಲಾನ್ ಉಂಗುರವೂ ಹತ್ತಾರು ಸಲ ಬಿಚ್ಚಿ ಹಾಕಿದ ಮೇಲೆ ಹಿಡಿತ ಬಿಡುತ್ತದೆ. ಹಲ್ಲಿರುವ ಜೋಡಿ ವೆಜ್ ವಾಷರ್ ಹಾಕಿ. ಕಿಟ್‌ನಲ್ಲಿ ಬರೀ ಸಾದಾ ವಾಷರ್ ಬಂದಿದ್ದರೆ ಆ ತಯಾರಕರು ಟಾಪನ್ನು ಶೋರೂಮಿನಲ್ಲಿ ಮಾತ್ರ ನೋಡಿದ್ದಾರೆ ಅಂತಲೇ ಅರ್ಥ.

ಕೊಳ್ಳುವಾಗ ಇನ್ನೊಂದು ಗಮನಿಸಿ. ನಾಬ್‌ನ ಬೋಲ್ಟೂ ಸ್ಟೇನ್‌ಲೆಸ್, ಅದು ಕೂರುವ ನಟ್ಟೂ ಸ್ಟೇನ್‌ಲೆಸ್ ಅಂದರೆ ಒಂದಕ್ಕೊಂದು ಕಚ್ಚಿಕೊಂಡು ಜಾಮ್ ಆಗುವ ಸಾಧ್ಯತೆ ಇದೆ. ಒಂದು ಚುಕ್ಕಿ ಆ್ಯಂಟಿ-ಸೀಜ್ (ಜಾಮ್ ತಡೆಯುವ ಪೇಸ್ಟ್) ಸವರಿದರೆ ತಾಪತ್ರಯವಿಲ್ಲ. ನಾಬ್ ಅಗಲ 40 ಮಿ.ಮೀ.ಗಿಂತ ಕಡಿಮೆ ಇದ್ದರೆ ಬೆವರಿದ ಬೆರಳು ಜಾರುತ್ತದೆ.

ಜೋಡಿಸುವುದು ಒಂದು ಸಂಜೆಯ ಕೆಲಸ. ಬ್ರ್ಯಾಕೆಟ್ ಕಾರಿನ ಕಡೆ ಕಾಯಂ ಕೂರುತ್ತದೆ: ಸಾಫ್ಟ್‌ಟಾಪ್‌ನ ಹಿಂಬದಿ ಪಟ್ಟಿಯನ್ನು ಹಿಡಿದಿರುವ ನಟ್ಟುಗಳನ್ನು 10 ಮಿ.ಮೀ. ಸಾಕೆಟ್‌ನಲ್ಲಿ ಬಿಚ್ಚಿ, ಅದೇ ಸ್ಟಡ್‌ಗಳಿಗೆ ಬ್ರ್ಯಾಕೆಟ್ ಇಳಿಸಿ, ನಟ್ಟು ವಾಪಸ್. ಸ್ಟಡ್ ಸಣ್ಣದು, ಸಿಟ್ಟಿನಿಂದ ಬಿಗಿದರೆ ಮುರಿಯುತ್ತದೆ. ಬ್ರ್ಯಾಕೆಟ್ ಅಡಿಗೆ ತೆಳು ರಬ್ಬರ್ ಇಡಿ, ಇಲ್ಲದಿದ್ದರೆ ಬಣ್ಣ ಉಜ್ಜಿ ತುಕ್ಕು ಶುರುವಾಗುವುದೇ ಅಲ್ಲಿಂದ. ಎಲ್ಲವನ್ನೂ ಸಡಿಲವಾಗಿಟ್ಟು, ಟಾಪ್ ಕೂರಿಸಿ, ಮುಂದಿನ ಲ್ಯಾಚ್ ಹಾಕಿದ ಮೇಲೆಯೇ ಬ್ರ್ಯಾಕೆಟ್ ಬಿಗಿಯಬೇಕು. ಮೊದಲೇ ಬಿಗಿದರೆ ತೂತಿಗೆ ತೂತು ಸೇರದೆ, ಥ್ರೆಡ್ ಅಡ್ಡ ಹತ್ತಿ ಹಾಳಾಗುತ್ತದೆ. 

ಇಳಿಸುವ ಕ್ರಮ: ಎರಡೂ ಕಿಟಕಿ ಗಾಜು ಪೂರ್ತಿ ಕೆಳಗೆ. ಹಿಂಗಾಜಿಗೆ ಡಿಫಾಗರ್ (ಮಂಜು ಕರಗಿಸುವ ಹೀಟರ್) ಇದ್ದರೆ ಅದರ ಪ್ಲಗ್ ಮೊದಲು ಕೀಳಿ, ಮರೆತು ಎತ್ತಿದರೆ ವೈರೇ ಕಿತ್ತು ಬರುತ್ತದೆ. ಹಿಂಭಾಗದ ಆಂಟೆನಾ ಕಡ್ಡಿ ದಾರಿಗೆ ಅಡ್ಡ ಬರದಂತೆ ಮಾಡಿ. ಆಮೇಲೆ ಹಿಂದಿನ ನಾಬ್, ಪಕ್ಕದ ಲ್ಯಾಚ್, ಕೊನೆಗೆ ಮುಂದಿನದು. ಬೀಡಿಂಗ್ ಬಣ್ಣಕ್ಕೆ ಅಂಟಿದ್ದರೆ ಸ್ಕ್ರೂಡ್ರೈವರ್ ತೂರಿಸಬೇಡಿ, ಒಳಗಿನಿಂದ ಅಂಗೈ ಕೊಟ್ಟು ನಿಧಾನ ಮೇಲಕ್ಕೆ ಒತ್ತಿ. ಹಾಕುವ ಮುಂಚೆ ಬೀಡಿಂಗಿಗೆ ಸಿಲಿಕೋನ್ ಗ್ರೀಸ್ ಸವರಿದ್ದರೆ ಅಂಟುವುದೂ ಕಡಿಮೆ. ಒಂದೊಂದು ಬಾಗಿಲ ಬಳಿ ಒಬ್ಬೊಬ್ಬರು ನಿಂತು, ನೇರವಾಗಿ ಒಂದು ಗೇಣು ಎತ್ತಿ, ಡಿಕ್ಕಿ ಕಡೆಗೆ ನಡೆದರೆ ಆಯಿತು. ಹಿಂದಿನ ಎರಡು ಬೋಲ್ಟಿಗೆ ಐದಾರು ನಿಮಿಷ ಹಿಡಿಯುತ್ತಿದ್ದದ್ದು ನಾಬ್‌ನಿಂದ ಅರ್ಧ ನಿಮಿಷಕ್ಕೆ ಇಳಿಯುತ್ತದೆ.

ಎತ್ತಲು ಇನ್ನೊಬ್ಬರು ಇಲ್ಲದವರಿಗೆ ಮಾತ್ರ ಕಿಟ್ ಅರ್ಧ ಪರಿಹಾರ. ಅವರಿಗೆ ಸೂರಿನ ತೊಲೆಗೆ ತೂಗುಹಾಕಿದ ರಾಟೆ, ಎರಡು ಅಗಲ ಪಟ್ಟಿ ಹೆಚ್ಚು ಸಮಯ ಉಳಿಸುತ್ತವೆ. ದುಡ್ಡು ಒಂದಕ್ಕೇ ಇದ್ದರೆ ರಾಟೆ ಮೊದಲು ತೆಗೆದುಕೊಳ್ಳಿ.

ನಾಬ್‌ನ ಇನ್ನೊಂದು ಮುಖವೂ ಇದೆ: ನಿಮಗೆ ಸುಲಭವಾದದ್ದು ಕಳ್ಳನಿಗೂ ಸುಲಭ. ಬಾಗಿಲ ಗಾಜು ಒಡೆದರೆ ಒಳಗಿನಿಂದ ಎಲ್ಲವೂ ಕೈಗೆಟುಕುತ್ತದೆ. ಕಾರು ಹೊರಗೆ ನಿಲ್ಲುವ ದಿನಗಳಲ್ಲಿ ಒಂದು ಬದಿಗೆ ನಾಬ್ ತೆಗೆದು ಹಳೆಯ ಬೋಲ್ಟನ್ನೇ ಹಾಕಿ. ಅದಕ್ಕೇ, ಬಿಚ್ಚಿದ ಬೋಲ್ಟ್‌ಗಳನ್ನು ಎಸೆಯದೆ ಗ್ಲವ್‌ಬಾಕ್ಸ್‌ನಲ್ಲಿ ಒಂದು 10 ಮಿ.ಮೀ. ಸಾಕೆಟ್ ಜೊತೆ ಇಟ್ಟಿರಿ.